ಡ್ರಿಲ್ ಬ್ಯಾಟರಿ ಕೈಕೊಡ್ತಾ? ಬ್ಯಾಟರಿ ಮಾತ್ರ ಬದಲಿಸಬೇಕಾ, ಹೊಸ ಮಿಷನ್ನೇ ತಗೋಬೇಕಾ? ದುಡ್ಡು ಬಿಚ್ಚೋ ಮೊದಲು ಇಷ್ಟು ತಿಳ್ಕೊಳ್ಳಿ

ಮೂಡಿಗೆರೆ: ಮಲೆನಾಡಲ್ಲಿ ಏಪ್ರಿಲ್, ಮೇ ಬಂತು ಅಂದ್ರೆ ರಿಪೇರಿ ಕಾಲ. ಕಾಫಿ ಕೊಯ್ಲು ಮುಗಿದಿರುತ್ತೆ, ಮಳೆ ಹಿಡಿಯೋದಕ್ಕೆ ಇನ್ನು ಕೆಲವೇ ವಾರ. ಅಷ್ಟರಲ್ಲಿ ಲೈನ್ ಮನೆ ಶೀಟ್ ಬದಲಿಸಬೇಕು, ಕೊಟ್ಟಿಗೆ ಮಾಡು ಸರಿ ಮಾಡಬೇಕು, ಹೋಮ್‌ಸ್ಟೇ ಬಾಗಿಲು ಕಿಟಕಿ ನೋಡಬೇಕು, ಸೋಲಾರ್ ಬೇಲಿಗೆ ಕ್ಲಾಂಪ್ ಹೊಡೀಬೇಕು. ಇದಕ್ಕೆಲ್ಲ ಈಗ ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಶೀಟ್ ಹಾಕೋರು ನಂಬಿರೋದು ಬ್ಯಾಟರಿ ಡ್ರಿಲ್ಲನ್ನೇ. ತೋಟದ ಮಧ್ಯೆ ಕರೆಂಟ್ ಪಾಯಿಂಟ್ ಇರಲ್ಲ, ಇದ್ರೂ ಗಾಳಿ ಬಂದ ಕೂಡಲೇ ಕರೆಂಟ್ ಇರಲ್ಲ.

ಸರಿಯಾಗಿ ಇದೇ ಸಮಯಕ್ಕೆ ಬ್ಯಾಟರಿ ಕೈಕೊಡುತ್ತೆ. ಅಂಗಡಿಯಲ್ಲಿ ಬ್ಯಾಟರಿ ರೇಟು ಕೇಳಿದ್ರೆ ಹೊಸ ಮಿಷನ್ ರೇಟಿನ ಅರ್ಧ ಹೇಳ್ತಾರೆ. ಅಷ್ಟು ಕೊಟ್ಟು ಬ್ಯಾಟರಿ ತಗೋಬೇಕಾ, ಇನ್ನಷ್ಟು ಸೇರಿಸಿ ಹೊಸದೇ ತಗೋಬೇಕಾ? ದಿನಗೂಲಿ ಮೇಲೆ ದುಡಿಯೋರಿಗೆ ಇದು ಸಣ್ಣ ಪ್ರಶ್ನೆ ಅಲ್ಲ. ಮಿಷನ್ ನಿಂತ್ರೆ ಅವತ್ತಿನ ಸಂಬಳ ಹೋಯ್ತು. ತಪ್ಪು ಬ್ಯಾಟರಿ ತಂದ್ರೆ ಮತ್ತೆ ಪೇಟೆಗೆ ಹೋಗಬೇಕು. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಸುಮಾರು 30 ಕಿ.ಮೀ., ಕಳಸದಿಂದ 90 ಕಿ.ಮೀ. ಆಸುಪಾಸು. ಕಳಸ, ಹೊರನಾಡು ಕಡೆಯವರಿಗೆ ಹೋಗಿ ಬರೋದರಲ್ಲೇ ಒಂದು ದಿನ ಮುಗಿಯುತ್ತೆ.

ಒಂದೇ ಮಾತಲ್ಲಿ ಉತ್ತರ ಹೇಳೋದಾದ್ರೆ: ಡ್ರಿಲ್ಲು ಚೆನ್ನಾಗಿದೆಯಾ ಅನ್ನೋದು ಎರಡನೇ ಪ್ರಶ್ನೆ. ಆ ಡ್ರಿಲ್ಲಿಗೆ ಕೂರೋ ಕಂಪನಿ ಬ್ಯಾಟರಿ ಇವತ್ತಿಗೂ ಮಾರುಕಟ್ಟೆಗೆ ಬರ್ತಿದೆಯಾ ಅನ್ನೋದು ಮೊದಲ ಪ್ರಶ್ನೆ. ಬರ್ತಿದ್ರೆ ಬ್ಯಾಟರಿಗೆ ದುಡ್ಡು ಹಾಕಬಹುದು. ಬರ್ತಿಲ್ಲ ಅಂದ್ರೆ ಹಳೇದಕ್ಕೆ ಒಂದು ರೂಪಾಯಿನೂ ಹಾಕಬೇಡಿ. ವಿವರ ಮುಂದೆ ಇದೆ.

ಹೋಗಿರೋದು ಬ್ಯಾಟರಿನಾ? ಮೊದಲು ಖಾತ್ರಿ ಮಾಡ್ಕೊಳ್ಳಿ

ಡ್ರಿಲ್ ತಿರುಗಲಿಲ್ಲ ಅಂದ್ರೆ ತಪ್ಪು ಬ್ಯಾಟರಿದೇ ಅಂತ ಏನಿಲ್ಲ. ಚಾರ್ಜರ್ ಹೋಗಿರಬಹುದು, ಸ್ವಿಚ್ ಹೋಗಿರಬಹುದು, ಕಾರ್ಬನ್ ಬ್ರಷ್ ಸವೆದಿರಬಹುದು. ಬ್ಯಾಟರಿ ತರೋ ಮೊದಲು ಈ ನಾಲ್ಕು ಪರೀಕ್ಷೆ ಮಾಡಿ.

1. ಅದೇ ಕಂಪನಿಯ, ಅದೇ ಸರಣಿಯ ಮಿಷನ್ ಇಟ್ಕೊಂಡಿರೋ ಪರಿಚಯದವರ ಹತ್ರ ಬ್ಯಾಟರಿ ಇಸ್ಕೊಂಡು ನಿಮ್ಮ ಡ್ರಿಲ್ಲಿಗೆ ಹಾಕಿ. ಚೆನ್ನಾಗಿ ಓಡಿದ್ರೆ ಡ್ರಿಲ್ ಸರಿಯಾಗಿದೆ. ಆಗಲೂ ಓಡದಿದ್ರೆ ತೊಂದರೆ ಮಿಷನ್ನಲ್ಲೇ ಇದೆ.

2. ನಿಮ್ಮ ಬ್ಯಾಟರಿಯನ್ನ ಅವರ ಚಾರ್ಜರ್‌ಗೆ ಹಾಕಿ ನೋಡಿ. ಅಲ್ಲಿ ಚಾರ್ಜ್ ಆದ್ರೆ ಹೋಗಿರೋದು ನಿಮ್ಮ ಚಾರ್ಜರ್. ಮಳೆಗಾಲದಲ್ಲಿ ಸಿಡಿಲು, ವೋಲ್ಟೇಜ್ ಏರುಪೇರಿಗೆ ಬ್ಯಾಟರಿಗಿಂತ ಮೊದಲು ಚಾರ್ಜರ್ ಸುಡೋದೂ ಉಂಟು.

3. ಬ್ಯಾಟರಿ ಕೂರೋ ಜಾಗದ ಪಿನ್ ನೋಡಿ. ನಮ್ಮ ಕಡೆ ಶೀತಕ್ಕೆ ಪಿನ್ ಮೇಲೆ ಹಸಿರು, ಬಿಳಿ ಪುಡಿ ಕಟ್ಟುತ್ತೆ. ಬ್ಯಾಟರಿ ಬಿಚ್ಚಿಟ್ಟು, ಮಿಷನ್ ಕಡೆಯ ಪಿನ್ನನ್ನ ಒಣ ಬ್ರಷ್‌ನಲ್ಲಿ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒಣಗಿಸಿ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತೆ.

4. ಪೂರ್ತಿ ಚಾರ್ಜ್ ಆದ ಬ್ಯಾಟರಿಯನ್ನ ಮಲ್ಟಿಮೀಟರ್‌ನಲ್ಲಿ ನೋಡಿ. 18 ವೋಲ್ಟ್‌ನ ಲಿಥಿಯಂ ಬ್ಯಾಟರಿ 20ರಿಂದ 21 ವೋಲ್ಟ್ ತೋರಿಸಬೇಕು. 12 ವೋಲ್ಟ್‌ದು 12.6ರ ಹತ್ತಿರ ಇರಬೇಕು. ಮೀಟರಲ್ಲಿ ಸರಿ ತೋರಿಸಿ, ಸ್ಕ್ರೂ ಹಾಕೋಕೆ ಹೋದ ತಕ್ಷಣ ಮಿಷನ್ ಕುಸಿದ್ರೆ ಒಳಗಿನ ಸೆಲ್ ಸುಸ್ತಾಗಿದೆ ಅಂತ ಅರ್ಥ.

ಡ್ರಿಲ್ ಒಳಗೆ ಜಾಸ್ತಿ ಕಿಡಿ, ಸುಟ್ಟ ವಾಸನೆ, ತಟ್ಟಿದ್ರೆ ಮಾತ್ರ ತಿರುಗೋದು, ಇವು ಕಾರ್ಬನ್ ಬ್ರಷ್ ಸವೆದ ಲಕ್ಷಣ. ಬ್ರಷ್ ಬಿಡಿಯಾಗಿ ಸಿಗುತ್ತೆ, ಖರ್ಚೂ ಕಡಿಮೆ. ಬ್ರಷ್‌ಲೆಸ್ ಮಿಷನ್ ಆದ್ರೆ ಈ ತೊಂದರೆ ಇರಲ್ಲ. ಆದ್ರೆ ಅದರ ಸರ್ಕ್ಯೂಟ್ ಹೋದ್ರೆ ಖರ್ಚು ಜಾಸ್ತಿ.

ಬ್ಯಾಟರಿ ಹೋಗೋದು ಹೇಗೆ?

18 ವೋಲ್ಟ್ ಬ್ಯಾಟರಿ ಅಂದ್ರೆ ಒಂದು ಬ್ಯಾಟರಿ ಅಲ್ಲ. ತಲಾ 3.6 ವೋಲ್ಟ್‌ನ 5 ಲಿಥಿಯಂ ಸೆಲ್‌ಗಳನ್ನ ಸಾಲಾಗಿ ಜೋಡಿಸಿರ್ತಾರೆ. ಹಳೆ 10.8 ವೋಲ್ಟ್, ಈಗಿನ 12 ವೋಲ್ಟ್ ಎರಡರಲ್ಲೂ ಇರೋದು 3 ಸೆಲ್. ಹೆಚ್ಚಿನ ಪ್ಯಾಕ್‌ಗಳಲ್ಲಿರೋದು 18650 ಅನ್ನೋ ಸೆಲ್. ಅಂದ್ರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ನೋಡೋಕೆ ಟಾರ್ಚ್ ಸೆಲ್ ತರಾನೇ ಇರುತ್ತೆ.

ಲಾರಿಗೆ ಕಾಫಿ ಮೂಟೆ ಕೈಯಿಂದ ಕೈಗೆ ದಾಟಿಸೋ 5 ಜನರಲ್ಲಿ ಒಬ್ಬ ಕೂತ್ರೆ ಇಡೀ ಲೋಡಿಂಗ್ ನಿಲ್ಲುತ್ತಲ್ಲ, ಇದೂ ಹಾಗೇ. 5ರಲ್ಲಿ ಒಂದು ಸೆಲ್ ಸತ್ರೂ ಪ್ಯಾಕ್ ಕೆಲಸ ಮಾಡಲ್ಲ. ಒಂದು ಸೆಲ್ 2.5 ವೋಲ್ಟ್‌ಗಿಂತ ಕೆಳಗೆ ಇಳಿದು ತಿಂಗಳುಗಟ್ಟಲೆ ಹಾಗೇ ಇದ್ರೆ ಹಾಳಾಗುತ್ತೆ. ಚಾರ್ಜರ್ ಅದನ್ನ ಒಪ್ಪಲ್ಲ, ಲೈಟ್ ಮಿಣುಕಿಸಿ ತಿರಸ್ಕರಿಸುತ್ತೆ. ಜೂನ್‌ನಲ್ಲಿ ಖಾಲಿ ಬ್ಯಾಟರಿ ಪೆಟ್ಟಿಗೆಗೆ ಹಾಕಿ ಅಕ್ಟೋಬರ್‌ನಲ್ಲಿ ತೆಗೆದಾಗ ಸತ್ತಿರೋದಕ್ಕೆ ಇದೇ ಕಾರಣ.

ದಿನಾ ಬಳಸಿದ್ರೂ ಆಯಸ್ಸಿಗೆ ಮಿತಿ ಇದೆ. ಲಿಥಿಯಂ ಸೆಲ್ ಸಾಮಾನ್ಯವಾಗಿ 300ರಿಂದ 500 ಪೂರ್ತಿ ಚಾರ್ಜ್ ಆದ ಮೇಲೆ ಶಕ್ತಿ ಕಳ್ಕೊಳ್ತಾ ಹೋಗುತ್ತೆ. 4-5 ವರ್ಷ ದುಡಿದ ಬ್ಯಾಟರಿ ಹೋದ್ರೆ ಬೇಜಾರಾಗಬೇಡಿ, ಅದು ತನ್ನ ಕೆಲಸ ಮಾಡಿದೆ. ಒಂದೇ ವರ್ಷಕ್ಕೆ ಹೋದ್ರೆ ಮಾತ್ರ ವಾರಂಟಿ ಕಾರ್ಡ್ ಹುಡುಕಿ.

ಲೇಬಲ್ ಓದಿ: ಅರ್ಧ ತೀರ್ಮಾನ ಅಲ್ಲೇ ಇದೆ

ನಿಕ್ಕಲ್ ಕ್ಯಾಡ್ಮಿಯಂ ಅಂತ ಇದ್ರೆ: ಅದು ಹಳೇ ಕಾಲದ್ದು. 1961ರಲ್ಲಿ ಬ್ಲ್ಯಾಕ್ ಆಂಡ್ ಡೆಕರ್ ಕಂಪನಿ ಮೊದಲ ಬ್ಯಾಟರಿ ಡ್ರಿಲ್ ತಂದಾಗ ಹಾಕಿದ್ದು ಇದೇ ಜಾತಿ ಸೆಲ್. ಲಿಥಿಯಂ ಬ್ಯಾಟರಿಯ ಮಿಷನ್‌ಗಳು ಬರೋಕೆ ಶುರುವಾಗಿದ್ದು 2005ರ ಹೊತ್ತಿಗೆ. ಕ್ಯಾಡ್ಮಿಯಂ ವಿಷ ಅನ್ನೋ ಕಾರಣಕ್ಕೆ ಯುರೋಪ್‌ನಲ್ಲಿ 2016ರ ಕೊನೆಗೆ ಬ್ಯಾಟರಿ ಮಿಷನ್‌ಗಳಿಗೂ ಇದನ್ನ ನಿಲ್ಲಿಸಿದ್ರು. ಕಂಪನಿಗಳೂ ಈ ಸರಣಿ ಕೈಬಿಟ್ಟಿವೆ. ಈಗ ಎಲ್ಲಾದ್ರೂ ಸಿಕ್ರೂ ವರ್ಷಗಟ್ಟಲೆ ಅಂಗಡಿಯಲ್ಲಿ ಕೂತಿದ್ದೇ ಸಿಗೋದು. ಇದಕ್ಕೆ ದುಡ್ಡು ಹಾಕಬೇಡಿ, ಹೊಸ ಮಿಷನ್ ತಗೊಳ್ಳಿ.

18 ವೋಲ್ಟ್ ಮತ್ತು 20 ವೋಲ್ಟ್ ಮ್ಯಾಕ್ಸ್: ಎರಡರ ಒಳಗೂ 5 ಸೆಲ್ಲೇ. ಆಗ ತಾನೇ ಚಾರ್ಜ್ ಆದಾಗಿನ ವೋಲ್ಟೇಜ್ ಹೇಳಿದ್ರೆ 20, ಸರಾಸರಿ ಹೇಳಿದ್ರೆ 18. 20 ಅಂತ ಬರೆದಿದೆ ಅಂತ ಜಾಸ್ತಿ ಶಕ್ತಿ ಅಂದ್ಕೊಂಡು ಜಾಸ್ತಿ ದುಡ್ಡು ಕೊಡಬೇಡಿ.

48, 88, 128 ವಿಎಫ್ ಅಂತ ಇದ್ರೆ: ಸಂತೆಯಲ್ಲಿ, ಆನ್‌ಲೈನ್‌ನಲ್ಲಿ ಕಡಿಮೆ ರೇಟಿಗೆ ಸಿಗೋ ಹೆಸರಿಲ್ಲದ ಡ್ರಿಲ್‌ಗಳ ಮೇಲೆ ಇಂಥ ನಂಬರ್ ಇರುತ್ತೆ. ಇದು ವೋಲ್ಟೇಜ್ ಅಲ್ಲ, ಬರೀ ಮಾರಾಟದ ನಂಬರ್. ಒಳಗೆ ಸಾಮಾನ್ಯವಾಗಿ ಅದೇ 5 ಸೆಲ್, ಪೂರ್ತಿ ಚಾರ್ಜ್ ಆದ್ರೆ 21 ವೋಲ್ಟ್.

ಆಂಪಿಯರ್ ಅವರ್: ಇದು ಟ್ಯಾಂಕ್ ಎಷ್ಟು ದೊಡ್ಡದು ಅಂತ ಹೇಳುತ್ತೆ. ವೋಲ್ಟ್‌ಗೆ ಆಂಪಿಯರ್ ಅವರ್ ಗುಣಿಸಿದ್ರೆ ವ್ಯಾಟ್ ಅವರ್ ಬರುತ್ತೆ. 18 ವೋಲ್ಟ್, 2 ಆಂಪಿಯರ್ ಅವರ್ ಅಂದ್ರೆ 36. ಅದೇ 4 ಆಂಪಿಯರ್ ಅವರ್ ಅಂದ್ರೆ 72. ಎರಡು ಬ್ಯಾಟರಿ ಹೋಲಿಸುವಾಗ ಈ ಲೆಕ್ಕ ಹಾಕಿದ್ರೆ ಮೋಸ ಹೋಗಲ್ಲ.

ತಯಾರಾದ ತಿಂಗಳು, ವರ್ಷ: ಇದನ್ನ ನೋಡದೆ ತಗೋಬೇಡಿ. ಎರಡು ಮೂರು ವರ್ಷ ಅಂಗಡಿ ಕಪಾಟಿನಲ್ಲಿದ್ದ ಬ್ಯಾಟರಿ ಡಬ್ಬ ಒಡೆದಿಲ್ಲ ಅಂತ ಹೊಸದಾಗಲ್ಲ.

ಎಲ್ಲಾ 18 ವೋಲ್ಟೂ ಒಂದೇ ಅಲ್ಲ

ಪೇಟೆಗೆ ಹೋಗಿ "ಈ ಕಂಪನಿ 18 ವೋಲ್ಟ್ ಬ್ಯಾಟರಿ ಕೊಡಿ" ಅಂತ ಕೇಳಿ ತಂದು, ಮನೇಲಿ ಕೂರದೆ ಇರೋದು ಸಾಮಾನ್ಯ. ಒಂದೇ ಕಂಪನಿಯಲ್ಲೇ ಎರಡು ಮೂರು ಸರಣಿ ಇರುತ್ತೆ.

ಮಕಿಟಾದಲ್ಲಿ 18 ವೋಲ್ಟ್‌ನ ಎಲ್‌ಎಕ್ಸ್‌ಟಿ ಬೇರೆ, ಕಡಿಮೆ ರೇಟಿನ ಜಿ ಸರಣಿ ಬೇರೆ. ಜಿ ಸರಣಿ ಬ್ಯಾಟರಿಯ ನಂಬರ್ ಕೊನೆಯಲ್ಲಿ ಜಿ ಅಕ್ಷರ ಇರುತ್ತೆ, ಬಿಎಲ್ 1813ಜಿ ಅನ್ನೋ ಹಾಗೆ. ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ಅದೇ ಕಂಪನಿಯ 40 ವೋಲ್ಟ್ ಎಕ್ಸ್‌ಜಿಟಿ ಮೂರನೇ ಜಾತಿ.

ಬಾಷ್‌ನಲ್ಲಿ ಕೆಲಸಗಾರರಿಗೆ ಅಂತ ಬರೋ ನೀಲಿ ಮಿಷನ್‌ನ 18 ವೋಲ್ಟ್ ಬೇರೆ, ಮನೆ ಬಳಕೆಯ ಹಸಿರು ಮಿಷನ್‌ದು ಬೇರೆ. ಆದ್ರೆ ನೀಲಿಯಲ್ಲಿ ಹಳೇ 10.8 ವೋಲ್ಟ್, ಹೊಸ 12 ವೋಲ್ಟ್ ಎರಡೂ ಒಂದೇ ಸರಣಿ, ಹೆಸರು ಮಾತ್ರ ಬದಲಾಗಿದ್ದು.

ಡಿವಾಲ್ಟ್‌ನಲ್ಲಿ ಹಿಡಿಯೊಳಗೆ ತೂರಿಸೋ ಹಳೆ 18 ವೋಲ್ಟ್ ಬೇರೆ, ಕೆಳಗಿಂದ ಜಾರಿಸಿ ಕೂರಿಸೋ 20 ವೋಲ್ಟ್ ಮ್ಯಾಕ್ಸ್ ಬೇರೆ.

ಹಾಗಾಗಿ ಬರೀ ವೋಲ್ಟ್ ನೆನಪಿಟ್ಕೊಂಡು ಹೋಗಬೇಡಿ. ಡ್ರಿಲ್ ಮೇಲಿನ ಪ್ಲೇಟು, ಬ್ಯಾಟರಿ ಲೇಬಲ್, ಬ್ಯಾಟರಿ ಕೂರೋ ಜಾಗ ಮೂರರ ಫೋಟೋ ಮೊಬೈಲ್‌ನಲ್ಲಿ ತೆಗೆದು ಅಂಗಡಿಗೆ ವಾಟ್ಸಾಪ್ ಮಾಡಿ, ಸ್ಟಾಕ್ ಇದೆ ಅಂತ ಖಾತ್ರಿ ಆದ ಮೇಲೆ ಬಸ್ ಹತ್ತಿ.

ಒಂದು ಕಂಪನಿ ಬ್ಯಾಟರಿಯನ್ನ ಇನ್ನೊಂದಕ್ಕೆ ಕೂರಿಸೋ ಅಡಾಪ್ಟರ್ ಕೂಡ ಸಿಗುತ್ತೆ. ತಾತ್ಕಾಲಿಕಕ್ಕೆ ಸರಿ, ಆದ್ರೆ ಒಂದು ಎಚ್ಚರ. ಚಾರ್ಜ್ ತೀರಾ ಇಳಿದಾಗ ಮಿಷನ್ ಬಂದ್ ಮಾಡೋ ವ್ಯವಸ್ಥೆ ಕೆಲವು ಕಂಪನಿಗಳಲ್ಲಿ ಬ್ಯಾಟರಿಯಲ್ಲಿರಲ್ಲ, ಮಿಷನ್‌ನಲ್ಲಿರುತ್ತೆ. ಅಡಾಪ್ಟರ್ ಹಾಕಿದಾಗ ಆ ಕಾವಲು ತಪ್ಪಿ ಒಳ್ಳೆ ಬ್ಯಾಟರಿ ಕೂಡ ಪೂರ್ತಿ ಖಾಲಿಯಾಗಿ ಸಾಯಬಹುದು. ಮಿಷನ್ ಮೆತ್ತಗಾಯ್ತು ಅನ್ನಿಸಿದ ಕೂಡಲೇ ನಿಲ್ಲಿಸಿ.

ಈಗ ಲೆಕ್ಕಕ್ಕೆ ಬರೋಣ

ಕೆಳಗಿನ ರೇಟು ಲೆಕ್ಕ ತೋರಿಸೋಕೆ ಮಾತ್ರ ಇಟ್ಕೊಂಡಿದ್ದು. ನಿಮ್ಮ ಅಂಗಡಿಯವರು ಹೇಳಿದ ರೇಟು ಇದೇ ಜಾಗಕ್ಕೆ ಹಾಕ್ಕೊಳ್ಳಿ.

ಒಂದು ಬ್ಯಾಟರಿ 3,000 ರೂ., ಡ್ರಿಲ್, 2 ಬ್ಯಾಟರಿ, ಚಾರ್ಜರ್, ಪೆಟ್ಟಿಗೆ ಇರೋ ಪೂರ್ತಿ ಸೆಟ್ 9,000 ರೂ. ಅಂತ ಇಟ್ಕೊಳ್ಳೋಣ.

ಒಂದು ಬ್ಯಾಟರಿ ಮಾತ್ರ ಹೋಗಿದೆ, ಇನ್ನೊಂದು ಚೆನ್ನಾಗಿದೆ, ಡ್ರಿಲ್ಲೂ ಚೆನ್ನಾಗಿದೆ: ಯೋಚನೆ ಬೇಡ, 3,000 ಕೊಟ್ಟು ಒಂದು ಬ್ಯಾಟರಿ ತಗೊಳ್ಳಿ.

ಎರಡೂ ಹೋಗಿವೆ: ಎರಡು ಬ್ಯಾಟರಿಗೆ 6,000. ಇನ್ನು 3,000 ಸೇರಿಸಿದ್ರೆ ಹೊಸ ಡ್ರಿಲ್, ಹೊಸ ಚಾರ್ಜರ್, ಹೊಸ ವಾರಂಟಿ ಎಲ್ಲಾ ಬರುತ್ತೆ. ಹಳೆ ಡ್ರಿಲ್‌ನ ಚಕ್ ಅಲ್ಲಾಡ್ತಿದ್ರೆ, ಗೇರ್ ಜಾರ್ತಿದ್ರೆ ಸೆಟ್ಟೇ ಲಾಭ.

ಎರಡೂ ಹೋಗಿವೆ, ಆದ್ರೆ ಡ್ರಿಲ್ ಗಟ್ಟಿಯಾಗಿದೆ: ಇಲ್ಲಿ ಒಂದು ಉಪಾಯ ಇದೆ. ಅದೇ ಸರಣಿಯ ಸೆಟ್ ತಗೊಳ್ಳಿ. ಹಳೆ ಡ್ರಿಲ್ ಬಿಸಾಕಬೇಕಿಲ್ಲ, ಹೊಸ ಬ್ಯಾಟರಿ ಅದಕ್ಕೂ ಕೂರುತ್ತೆ. ಒಂದಕ್ಕೆ ಡ್ರಿಲ್ ಬಿಟ್, ಇನ್ನೊಂದಕ್ಕೆ ಸ್ಕ್ರೂ ಬಿಟ್ ಹಾಕಿಟ್ಕೊಂಡ್ರೆ ಏಣಿ ಮೇಲೆ ನಿಂತು ಬಿಟ್ ಬದಲಿಸೋ ಕೆಲಸ ತಪ್ಪುತ್ತೆ. ಬಡಗಿಗಳಿಗೆ, ಶೀಟ್ ಕೆಲಸದವರಿಗೆ ಇದು ನಿಜವಾದ ಉಳಿತಾಯ.

ಸಾಮಾನ್ಯ ಸೂತ್ರ: ಬೇಕಿರೋ ಬ್ಯಾಟರಿಗಳ ಒಟ್ಟು ರೇಟು ಪೂರ್ತಿ ಸೆಟ್ ರೇಟಿನ ಅರ್ಧಕ್ಕಿಂತ ಕಡಿಮೆ ಇದ್ರೆ ಬ್ಯಾಟರಿ. ಮುಕ್ಕಾಲು ಭಾಗ ದಾಟಿದ್ರೆ ಸೆಟ್. ಮಧ್ಯೆ ಇದ್ರೆ ಡ್ರಿಲ್‌ನ ಸ್ಥಿತಿ ನೋಡಿ ತೀರ್ಮಾನ ಮಾಡಿ.

ಈಗಾಗಲೇ ಅದೇ ಸರಣಿಯ ಗ್ರೈಂಡರ್, ಬ್ಲೋವರ್ ಇಟ್ಕೊಂಡಿರೋರು ಬೇರೆ ಕಂಪನಿಯ ಆಫರ್ ನೋಡಿ ಜಿಗಿಯಬೇಡಿ. ಡ್ರಿಲ್ ಒಂದಕ್ಕೆ 1,000 ರೂ. ಉಳಿಸಿ, ಉಳಿದ ಮಿಷನ್‌ಗಳ ಬ್ಯಾಟರಿ ಬೇರೆ ತರೋ ಹಾಗಾಗುತ್ತೆ. ಬ್ಯಾಟರಿ, ಚಾರ್ಜರ್ ನಿಮ್ಮ ಹತ್ರ ಇದ್ರೆ ಬಾಡಿ ಮಾತ್ರ ಸಿಗುತ್ತಾ ಅಂತ ಕೇಳಿ. ಅಂಗಡಿಯವರು ಸೋಲೋ ಅಥವಾ ಬೇರ್ ಟೂಲ್ ಅಂತಾರೆ.

ದೊಡ್ಡ ಬ್ಯಾಟರಿ ತಗೋಬೇಕಾ? 36 ವ್ಯಾಟ್ ಅವರ್‌ಗೆ 3,000 ಅಂದ್ರೆ ಒಂದಕ್ಕೆ 83 ರೂ. ಬೀಳುತ್ತೆ. 72 ವ್ಯಾಟ್ ಅವರ್‌ದು 5,000ಕ್ಕೆ ಸಿಕ್ರೆ ಒಂದಕ್ಕೆ 69 ರೂ. ದೊಡ್ಡದು ಅಗ್ಗ, ಭಾರ ಎಳೆಯುವಾಗ ಸುಸ್ತಾಗೋದೂ ಕಡಿಮೆ. ಆದ್ರೆ ತೂಕ ಜಾಸ್ತಿ. ದಿನವಿಡೀ ಮಾಡಿನ ಮೇಲೆ ಕೈ ಎತ್ತಿ ಕೆಲಸ ಮಾಡೋರಿಗೆ ಒಂದು ದೊಡ್ಡದಕ್ಕಿಂತ ಎರಡು ಸಣ್ಣದು ಆರಾಮ. ಒಂದು ಓಡುವಾಗ ಇನ್ನೊಂದು ಚಾರ್ಜ್‌ಗಿರುತ್ತೆ.

ಲೋಕಲ್ ಬ್ಯಾಟರಿ, ಸೆಲ್ ಬದಲಾವಣೆ: ಎಲ್ಲಿ ಎಚ್ಚರ ಬೇಕು?

ಕಂಪನಿದು ದುಬಾರಿ ಅಂತ ಅರ್ಧ ರೇಟಿನ ಕಂಪ್ಯಾಟಿಬಲ್ ಬ್ಯಾಟರಿ ಕಡೆ ಮನಸ್ಸು ಹೋಗೋದು ಸಹಜ. ಎಲ್ಲವೂ ಕೆಟ್ಟದು ಅಂತಲ್ಲ. ಆದ್ರೆ ಸುಳ್ಳು ಹಿಡಿಯೋಕೆ ಒಂದು ಲೆಕ್ಕ ನೆನಪಿಡಿ. 18650 ಗಾತ್ರದ ಒಳ್ಳೆ ಸೆಲ್‌ನಲ್ಲಿ ಹಿಡಿಸೋದು ಹೆಚ್ಚುಕಡಿಮೆ 3,500 ಮಿಲಿ ಆಂಪಿಯರ್ ಅವರ್. ಸಣ್ಣ ಪ್ಯಾಕ್ ಮೇಲೆ 6, 9 ಆಂಪಿಯರ್ ಅವರ್ ಅಂತ ಬರೆದಿದ್ರೆ ಅದು ಲೇಬಲ್‌ನ ಶಕ್ತಿ, ಸೆಲ್‌ನದ್ದಲ್ಲ. ತೂಗಿ ನೋಡಿದ್ರೂ ಗೊತ್ತಾಗುತ್ತೆ, ಕಂಪನಿದಕ್ಕಿಂತ ತೀರಾ ಹಗುರ ಇದ್ರೆ ಒಳಗೆ ಸೆಲ್ ಕಡಿಮೆ ಇದೆ.

ಭಾರತದಲ್ಲಿ ಮಾರೋ ಇಂಥ ಲಿಥಿಯಂ ಬ್ಯಾಟರಿಗೆ ಬಿಐಎಸ್ ನೋಂದಣಿ ಕಡ್ಡಾಯ. ಲೇಬಲ್ ಮೇಲೆ ಐಎಸ್ 16046 ಮತ್ತು ಆರ್ ಅಕ್ಷರದಿಂದ ಶುರುವಾಗೋ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿ ನೋಡಬಹುದು. ನಂಬರ್ರೇ ಇಲ್ಲದ ಬ್ಯಾಟರಿ ಬೇಡ.

ಸೆಲ್ ಬದಲಿಸಿ ಕೊಡ್ತೀವಿ ಅನ್ನೋರೂ ಇದ್ದಾರೆ. ಕೆಲಸ ಗೊತ್ತಿರೋರು ಮಾಡಿದ್ರೆ ಬರುತ್ತೆ. ಕೊಡೋ ಮೊದಲು ನಾಲ್ಕು ಪ್ರಶ್ನೆ ಕೇಳಿ.

- ಹೊಸ ಸೆಲ್ ಹಾಕ್ತೀರಾ, ಹಳೆ ಲ್ಯಾಪ್‌ಟಾಪ್ ಬ್ಯಾಟರಿಯಿಂದ ತೆಗೆದಿದ್ದಾ? ಗಟ್ಟಿ ಮರಕ್ಕೆ ದಪ್ಪ ಬಿಟ್ ಹಾಕಿ ಒತ್ತಿದಾಗ ಡ್ರಿಲ್ 20-30 ಆಂಪಿಯರ್ ತನಕ ಎಳೆಯುತ್ತೆ. ಲ್ಯಾಪ್‌ಟಾಪ್ ಸೆಲ್ ಅಷ್ಟು ಕೊಡೋಕೆ ಮಾಡಿದ್ದಲ್ಲ, ಕಾದು ಬಿಡುತ್ತೆ.
- ಐದಕ್ಕೆ ಐದೂ ಒಂದೇ ಕಂಪನಿ, ಒಂದೇ ಅಳತೆಯದ್ದಾ? ಒಂದು ಹೋಗಿದೆ ಅಂತ ಒಂದೇ ಬದಲಿಸಿದ್ರೆ ಉಳಿದ ನಾಲ್ಕು ಹಳೇದು ಸೇರಿ ಹೊಸದನ್ನೂ ಕೆಡಿಸುತ್ತವೆ.
- ಜೋಡಿಸೋದು ಸ್ಪಾಟ್ ವೆಲ್ಡಿಂಗ್‌ನಲ್ಲಾ, ಬೆಸುಗೆ ಕಡ್ಡಿಯಲ್ಲಾ? ಸೆಲ್‌ಗೆ ನೇರ ಬೆಸುಗೆ ಹಾಕಿದ್ರೆ ಆ ಬಿಸಿಗೆ ಒಳಗಿನ ಪದರ ಹಾಳಾಗುತ್ತೆ.
- ಕಾವಲು ಸರ್ಕ್ಯೂಟ್, ಅಂದ್ರೆ ಬಿಎಂಎಸ್, ಹಾಗೇ ಉಳಿಸ್ತೀರಾ? ಅದನ್ನ ಕಿತ್ತು ನೇರ ಕನೆಕ್ಷನ್ ಕೊಡೋರ ಹತ್ರ ಹೋಗಲೇಬೇಡಿ.

ಇದು ಬರೀ ದುಡ್ಡಿನ ವಿಷಯ ಅಲ್ಲ. ಲಿಥಿಯಂ ಸೆಲ್ ಒಳಗೇ ಶಾರ್ಟ್ ಆದ್ರೆ ತಾನಾಗೇ ಕಾದು ಬೆಂಕಿ ಹಿಡಿಯುತ್ತೆ, ಆರಿಸೋದು ಕಷ್ಟ. ಮರದ ಅಟ್ಟ, ಒಣ ಸೌದೆ, ಕಾಫಿ ಚೀಲ ಇರೋ ಮನೆಯಲ್ಲಿ ರಾತ್ರಿಯಿಡೀ ಚಾರ್ಜ್‌ಗಿಟ್ಟು ಮಲಗೋ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಬಿಚ್ಚಿ ಕಟ್ಟಿದ ಬ್ಯಾಟರಿಯನ್ನ ಎಚ್ಚರ ಇರುವಾಗ, ಸಿಮೆಂಟ್ ನೆಲದ ಮೇಲಿಟ್ಟು ಚಾರ್ಜ್ ಮಾಡಿ. ಸತ್ತ ಬ್ಯಾಟರಿಗೆ ಜೀಪ್ ಬ್ಯಾಟರಿಯಿಂದ, ಇನ್ನೊಂದು ಪ್ಯಾಕ್‌ನಿಂದ ವೈರ್ ಎಳೆದು ಜಂಪ್ ಕೊಡೋ ವಿಡಿಯೋ ನೋಡಿ ಪ್ರಯೋಗ ಮಾಡಬೇಡಿ. ಉಬ್ಬಿದ, ಸೋರಿದ, ಬಿದ್ದು ಒಡೆದ ಬ್ಯಾಟರಿ ಚಾರ್ಜ್ ಮಾಡಲೇಬೇಡಿ.

ನಿಮಗೆ ಬ್ಯಾಟರಿ ಡ್ರಿಲ್ ಬೇಕೇ ಬೇಕಾ?

ಇದನ್ನೂ ಕೇಳ್ಕೊಳ್ಳಿ. ವರ್ಷಕ್ಕೆ ನಾಲ್ಕು ಸಲ ಗೋಡೆಗೆ ಮೊಳೆ ಹೊಡೆಯೋಕೆ, ಪರದೆ ರಾಡ್ ಹಾಕೋಕೆ ಮಾತ್ರ ಡ್ರಿಲ್ ಬೇಕಿದ್ದ ಮನೆಗೆ ವೈರ್ ಇರೋ ಇಂಪ್ಯಾಕ್ಟ್ ಡ್ರಿಲ್ ಸಾಕು. ರೇಟು ಕಡಿಮೆ, ಕಾಂಕ್ರೀಟ್‌ಗೂ ನಡೆಯುತ್ತೆ, ಹತ್ತು ವರ್ಷ ಪೆಟ್ಟಿಗೆಯಲ್ಲಿದ್ರೂ ಸಾಯೋಕೆ ಅದರಲ್ಲಿ ಬ್ಯಾಟರಿನೇ ಇಲ್ಲ. ಬ್ಯಾಟರಿ ಡ್ರಿಲ್ ದುಡಿಯೋರ ಮಿಷನ್. ಸುಮ್ಮನೆ ಇಟ್ರೆ ಬಳಸಿದ್ದಕ್ಕಿಂತ ಬೇಗ ಹಾಳಾಗಬಹುದು.

ಆರ್‌ಸಿಸಿಗೆ ದಿನಾ ತೂತು ಹೊಡೆಯೋ ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳೂ ಅದಕ್ಕೆ ವೈರ್‌ನ ರೋಟರಿ ಹ್ಯಾಮರ್ ಇಟ್ಕೊಂಡು, ಸ್ಕ್ರೂ ಕೆಲಸಕ್ಕೆ ಮಾತ್ರ ಬ್ಯಾಟರಿ ಮಿಷನ್ ಬಳಸಿದ್ರೆ ಬ್ಯಾಟರಿ ಆಯಸ್ಸು ಹೆಚ್ಚುತ್ತೆ.

ತೋಟದ ಸ್ಪ್ರೇಯರ್, ಬ್ಯಾಟರಿ ಕತ್ತರಿಗೂ ಇದೇ ಲೆಕ್ಕನಾ?

ಬೆನ್ನಿಗೆ ಹಾಕೋ 16 ಲೀಟರ್ ಬ್ಯಾಟರಿ ಸ್ಪ್ರೇಯರ್ ವಿಷಯ ಬೇರೆ. ಅದರಲ್ಲಿ ಹೆಚ್ಚಾಗಿ ಇರೋದು 12 ವೋಲ್ಟ್, 8 ಆಂಪಿಯರ್ ಅವರ್‌ನ ಸೀಲ್ ಆದ ಲೆಡ್ ಆಸಿಡ್ ಬ್ಯಾಟರಿ. ಅದು ಯಾವ ಕಂಪನಿದೂ ಒಂದೇ ಅಳತೆಯಲ್ಲಿ ಬರೋ ಮಾಮೂಲಿ ಬ್ಯಾಟರಿ. ಹಾಗಾಗಿ ಟ್ಯಾಂಕ್ ಒಡೆದಿಲ್ಲ, ಮೋಟಾರ್ ಓಡ್ತಿದೆ ಅಂದ್ರೆ ಬ್ಯಾಟರಿ ಬದಲಿಸೋದೇ ಸರಿ. ಹಳೇದರ ವೋಲ್ಟ್, ಆಂಪಿಯರ್ ಅವರ್, ಉದ್ದ ಅಗಲ ಎತ್ತರ ಬರ್ಕೊಂಡು ಹೋಗಿ. ಲೆಡ್ ಆಸಿಡ್ ಬ್ಯಾಟರಿಯನ್ನ ಖಾಲಿ ಇಡಬಾರದು, ಕೆಲಸ ಇಲ್ಲದಾಗಲೂ ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿ. ಲಿಥಿಯಂಗೆ ಬದಲಿಸೋದಾದ್ರೆ ಚಾರ್ಜರ್ ಕೂಡ ಲಿಥಿಯಂದೇ ಹಾಕಿ, ಹಳೆಯದನ್ನ ಚುಚ್ಚಬೇಡಿ.

ಕಾಫಿ ಗಿಡ ಪ್ರೂನಿಂಗ್‌ಗೆ ಬಂದಿರೋ ಬ್ಯಾಟರಿ ಕತ್ತರಿಗೆ ಡ್ರಿಲ್‌ನ ಲೆಕ್ಕವೇ ಅನ್ವಯ. ಹೆಸರಿಲ್ಲದ ಕತ್ತರಿ ತಗೊಳ್ಳೋದಾದ್ರೆ ಬ್ಯಾಟರಿ, ಬ್ಲೇಡ್ ಎರಡೂ ಬಿಡಿಯಾಗಿ ಸಿಗುತ್ತಾ ಅಂತ ಕೇಳಿದ ಮೇಲೇ ದುಡ್ಡು ಕೊಡಿ.

ಮಳೆಗಾಲದಲ್ಲಿ ಬ್ಯಾಟರಿ ಉಳಿಸ್ಕೊಳ್ಳೋದು ಹೇಗೆ?

- ಕೆಲಸ ಇಲ್ಲದ ತಿಂಗಳು ಬ್ಯಾಟರಿಯನ್ನ ಅರ್ಧ ಚಾರ್ಜ್‌ನಲ್ಲಿ, ಮಿಷನ್‌ನಿಂದ ಬಿಚ್ಚಿ ಇಡಿ. ಖಾಲಿನೂ ಬೇಡ, ಪೂರ್ತಿನೂ ಬೇಡ. ಎರಡು ತಿಂಗಳಿಗೊಮ್ಮೆ ನೋಡಿ.
- ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬ್ಯಾಟರಿ ಇಡಿ. ಅದೇ ಡಬ್ಬಿಗೆ ಸ್ಕ್ರೂ, ಮೊಳೆ ಹಾಕಬೇಡಿ, ಪಿನ್‌ಗೆ ತಾಗಿ ಶಾರ್ಟ್ ಆಗುತ್ತೆ.
- ಬೆಚ್ಚಗಿರಲಿ ಅಂತ ಒಲೆ ಮೇಲಿನ ಅಟ್ಟದಲ್ಲಿ, ಬಚ್ಚಲು ಒಲೆ ಪಕ್ಕ ಇಡಬೇಡಿ. ಬಿಸಿಲಲ್ಲಿ ನಿಂತ ಜೀಪ್ ಡ್ಯಾಶ್‌ಬೋರ್ಡ್ ಮೇಲೂ ಬೇಡ. ಲಿಥಿಯಂಗೆ ನಮ್ಮ ಚಳಿಗಿಂತ ಬಿಸಿಯೇ ದೊಡ್ಡ ಶತ್ರು.
- ಕೆಲಸ ಮಾಡಿ ಬಿಸಿಯಾಗಿರೋ ಬ್ಯಾಟರಿ ತಣ್ಣಗಾದ ಮೇಲೆ ಚಾರ್ಜ್‌ಗೆ ಹಾಕಿ.
- ಗುಡುಗು ಶುರುವಾದ್ರೆ, ಕರೆಂಟ್ ಹೋದ್ರೆ ಚಾರ್ಜರ್ ಪ್ಲಗ್ ಕೀಳಿ. ಕರೆಂಟ್ ಬಂದು ಐದು ನಿಮಿಷ ಆದ ಮೇಲೆ ಹಾಕಿ.
- ಮಳೆಯಲ್ಲಿ ನೆನೆದ್ರೆ ಬ್ಯಾಟರಿ ಬಿಚ್ಚಿ, ಎರಡನ್ನೂ ಬೇರೆ ಬೇರೆ ಒರೆಸಿ ಒಣಗಿಸಿ. ನೀರು ಒಳಗೆ ಹೋಗಿದೆ ಅನ್ನೋ ಅನುಮಾನ ಇದ್ರೆ ಚಾರ್ಜ್ ಮಾಡಬೇಡಿ, ಸರ್ವೀಸ್‌ಗೆ ತೋರಿಸಿ.

ಬಿಲ್ ಇಲ್ಲದೆ ತರಬೇಡಿ

ಎಷ್ಟೋ ಕಂಪನಿಗಳು ಮಿಷನ್‌ಗೆ ಒಂದು ವಾರಂಟಿ, ಬ್ಯಾಟರಿಗೆ ಅದಕ್ಕಿಂತ ಕಡಿಮೆ ವಾರಂಟಿ ಕೊಡ್ತವೆ. ಕೆಲವಕ್ಕೆ ಆನ್‌ಲೈನ್‌ನಲ್ಲಿ ರಿಜಿಸ್ಟರ್ ಮಾಡಿದ್ರೆ ಮಾತ್ರ ಪೂರ್ತಿ ಅವಧಿ ಸಿಗುತ್ತೆ. ಬ್ಯಾಟರಿಗೆ ಎಷ್ಟು ತಿಂಗಳು ಅಂತ ಬೇರೆಯಾಗೇ ಕೇಳಿ, ಜಿಎಸ್‌ಟಿ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿ. ಬಿಲ್ ಪ್ರಿಂಟ್ ಮಾಸಿ ಹೋಗುತ್ತೆ, ಅವತ್ತೇ ಫೋಟೋ ತೆಗೆದಿಟ್ಕೊಳ್ಳಿ.

ವಾರಂಟಿ ಇದ್ದೂ ಅಂಗಡಿಯವರು, ಕಂಪನಿಯವರು ಒಬ್ಬರ ಮೇಲೊಬ್ಬರು ಹಾಕಿ ಅಲೆದಾಡಿಸಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ತೊಂದರೆಯಾದ 2 ವರ್ಷದೊಳಗೆ ದೂರು ಕೊಡಬೇಕು. 5 ಲಕ್ಷ ರೂ. ತನಕದ ಖರೀದಿಗೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ.

ಹಳೆ ಬ್ಯಾಟರಿ ಹಳ್ಳಕ್ಕೆ ಎಸೀಬೇಡಿ

ಸತ್ತ ಬ್ಯಾಟರಿಯನ್ನ ಕಸದ ಜೊತೆ ಸುಡೋದು, ತೋಟದ ಗುಂಡಿಗೆ ಹಾಕೋದು, ಹಳ್ಳಕ್ಕೆ ಎಸೆಯೋದು ಬೇಡ. ಬೆಂಕಿಗೆ ಹಾಕಿದ್ರೆ ಸಿಡಿಯುತ್ತೆ. ಹಳ್ಳಕ್ಕೆ ಹಾಕಿದ್ರೆ ಹೇಮಾವತಿಗೋ ಭದ್ರೆಗೋ ಸೇರುತ್ತೆ, ಅದೇ ನೀರು ಕೆಳಗಿನ ಊರವರು ಕುಡೀತಾರೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಬಳಸಿದ ಬ್ಯಾಟರಿಯನ್ನ ಮನೆ ಕಸದಿಂದ ಬೇರೆ ಇಟ್ಟು ಸಂಗ್ರಹ ಮಾಡೋರಿಗೆ ಕೊಡೋದು ಬಳಕೆದಾರರ ಜವಾಬ್ದಾರಿ. ವಾಪಸ್ ತಗೊಂಡು ಮರುಬಳಕೆಗೆ ಕಳಿಸೋ ಹೊಣೆ ತಯಾರಕರದ್ದು. ಪಿನ್‌ಗೆ ಇನ್ಸುಲೇಷನ್ ಟೇಪ್ ಸುತ್ತಿ, ಹೊಸದು ತರೋಕೆ ಹೋದಾಗ ಅಂಗಡಿಗೋ ಸರ್ವೀಸ್ ಸೆಂಟರ್‌ಗೋ ಕೊಡಿ. ಲೆಡ್ ಆಸಿಡ್ ಆದ್ರೆ ಹಳೇದಕ್ಕೆ ರೇಟು ಕಡಿತ ಕೇಳಿ, ಕೊಡ್ತಾರೆ.

ಒಂದೇ ನೋಟದಲ್ಲಿ

- ನಿಕ್ಕಲ್ ಕ್ಯಾಡ್ಮಿಯಂ ಡ್ರಿಲ್: ಹೊಸದು ತಗೊಳ್ಳಿ.
- ಹೆಸರಿಲ್ಲದ ಡ್ರಿಲ್, ಬಿಡಿ ಬ್ಯಾಟರಿ ಸಿಗ್ತಿಲ್ಲ: ಹೊಸದು, ಈ ಸಲ ಬಿಡಿ ಬ್ಯಾಟರಿ ಸಿಗೋ ಸರಣಿಯದ್ದು.
- ಕಂಪನಿ ಲಿಥಿಯಂ, ಸರಣಿ ಇನ್ನೂ ಬರ್ತಿದೆ, ಒಂದು ಬ್ಯಾಟರಿ ಹೋಗಿದೆ: ಬ್ಯಾಟರಿ.
- ಅದೇ, ಎರಡೂ ಹೋಗಿವೆ: ಅದೇ ಸರಣಿಯ ಸೆಟ್ ರೇಟು ಕೇಳಿ ಹೋಲಿಸಿ.
- ಡ್ರಿಲ್ ಸವೆದಿದೆ, ಬ್ಯಾಟರಿ ಚೆನ್ನಾಗಿದೆ: ಬಾಡಿ ಮಾತ್ರ.
- ವರ್ಷಕ್ಕೆ ನಾಲ್ಕು ಸಲದ ಮನೆ ಕೆಲಸ: ವೈರ್ ಡ್ರಿಲ್.
- ಲೆಡ್ ಆಸಿಡ್ ಸ್ಪ್ರೇಯರ್: ಬ್ಯಾಟರಿ.

ಹೊಸ ಮಿಷನ್ ತಗೊಳ್ಳೋ ದಿನ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: "ಮುಂದೆ ಬ್ಯಾಟರಿ ಒಂದೇ ಬೇಕು ಅಂದ್ರೆ ಸಿಗುತ್ತಾ, ರೇಟೆಷ್ಟು, ಎಷ್ಟು ದಿನಕ್ಕೆ ತರಿಸಿ ಕೊಡ್ತೀರಾ?" ಇದಕ್ಕೆ ನೇರ ಉತ್ತರ ಸಿಗದಿದ್ರೆ ಡ್ರಿಲ್ ಎಷ್ಟೇ ಅಗ್ಗ ಇರಲಿ, ಬಿಟ್ಟು ಬನ್ನಿ.